ಎರಡು ತಾರೀಖು, ಮೂರು ಗಡಿ

ಪತ್ರಿಕೆಗಳಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಪುಟ್ಟ ಕಾಲಂ ಬರುತ್ತದೆ. ಒಂದೇ ತಾರೀಖಿನ ಅಡಿಯಲ್ಲಿ ಯಾವುದೋ ದೊರೆಯ ಸಾವು, ಇನ್ನೆಲ್ಲಿಯದೋ ಭೂಕಂಪ, ಮತ್ತಾರದೋ ಹುಟ್ಟುಹಬ್ಬ ಸಾಲಾಗಿ ಕೂತಿರುತ್ತವೆ. ಒಂದಕ್ಕೊಂದು ನಂಟಿಲ್ಲದ ಸಂಗತಿಗಳು. ಓದಿ ಪುಟ ತಿರುಗಿಸುತ್ತೇವೆ. ಆದರೆ ಅದೇ ಲೆಕ್ಕವನ್ನು ಚಾಮರಾಜನಗರ, ಗುಂಡ್ಲುಪೇಟೆಯಂಥ ಗಡಿಸೀಮೆಗೆ ಹಚ್ಚಿ ನೋಡಿ. ಎರಡು ತಾರೀಖುಗಳು ಮತ್ತೆ ಮತ್ತೆ ಎದುರಾಗುತ್ತವೆ: ನವೆಂಬರ್ 1 ಮತ್ತು ಆಗಸ್ಟ್ 15. ಇವು ದೇಶಕ್ಕೂ ರಾಜ್ಯಕ್ಕೂ ದೊಡ್ಡ ದಿನಗಳು, ಅದು ಎಲ್ಲರಿಗೂ ಗೊತ್ತು. ಆದರೆ ಈ ಸೀಮೆಯಲ್ಲಿ ಅದೇ ದಿನ ಒಂದು ತಾಲ್ಲೂಕಿಗೆ ಒಂದು ಥರ, ಪಕ್ಕದ ತಾಲ್ಲೂಕಿಗೆ ಇನ್ನೊಂದು ಥರ ಬೆಳಗಾಯಿತು. ಹಾಗೇಕೆ ಎಂದು ಹುಡುಕುತ್ತ ಹೋದರೆ ನಕ್ಷೆಯ ಮೇಲಿನ ಒಂದು ಗೆರೆಯ ಬಳಿಗೆ ಬಂದು ನಿಲ್ಲುತ್ತೇವೆ.

ಇವತ್ತು ಒಂದೇ ಜಿಲ್ಲೆಯಾಗಿರುವ ಈ ನೆಲ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜೂನ್ 22ರ ಒಪ್ಪಂದದಲ್ಲಿ ಅವನ ರಾಜ್ಯವನ್ನು ಪಾಲು ಮಾಡಿದಾಗ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಕೊಳ್ಳೇಗಾಲ ಆ ಕೊಯಮತ್ತೂರಿನ ತಾಲ್ಲೂಕಾಯಿತು. ಇಂದಿನ ಹನೂರು, ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ ಎಲ್ಲವೂ ಅದರೊಳಗೇ. ಗುಂಡ್ಲುಪೇಟೆಯೂ ಅರಿಕುಠಾರವೂ ಮೈಸೂರು ಒಡೆಯರ ಪಾಲಿಗೆ ಉಳಿದವು. ಯಳಂದೂರಿನದು ಮತ್ತೊಂದು ಕಥೆ. 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಅರಿಕುಠಾರಕ್ಕೆ ಚಾಮರಾಜನಗರ ಎಂಬ ಹೆಸರು ಬಂದದ್ದು 1818ರಲ್ಲಿ. ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಆ ಹೆಸರಿಟ್ಟರು. ಅಲ್ಲಿ ಅವರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯ 1826ರಲ್ಲಿ ಪೂರ್ತಿಯಾಯಿತು. ಮಗ ತಂದೆಯ ನೆನಪಿಗೆ ಗುಡಿ ಕಟ್ಟುವ ಪರಿಪಾಠ ಈ ಸೀಮೆಗೆ ಹೊಸತಲ್ಲ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದೂ ತಂದೆಯ ಸ್ಮರಣೆಗಾಗಿಯೇ.

ಈಗ 1947ರ ಆಗಸ್ಟ್ 15ಕ್ಕೆ ಬನ್ನಿ. ಆ ತಾರೀಖನ್ನು ಆರಿಸಿದವರು ಮೌಂಟ್‌ಬ್ಯಾಟನ್. ಎರಡು ವರ್ಷದ ಹಿಂದೆ ಜಪಾನ್ ಶರಣಾದ ದಿನ ಅದು. ಭಾರತದ ಪಂಚಾಂಗಕ್ಕಾಗಲಿ ಇಲ್ಲಿನ ಚಳವಳಿಗಾಗಲಿ ಅದರೊಂದಿಗೆ ಸಂಬಂಧವಿರಲಿಲ್ಲ. ಅಂದು ಶುಕ್ರವಾರ. ಕೊಳ್ಳೇಗಾಲ ಬ್ರಿಟಿಷ್ ಇಂಡಿಯಾದ ಭಾಗ, ಮದ್ರಾಸ್ ಪ್ರಾಂತ್ಯದ ತಾಲ್ಲೂಕು. ಮದ್ರಾಸಿನಲ್ಲಿ ಆಗಲೇ ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಅವರ ಕಾಂಗ್ರೆಸ್ ಸರ್ಕಾರವಿತ್ತು. ಅಲ್ಲಿನ ಜನಕ್ಕೆ ಆ ದಿನ ಬ್ರಿಟಿಷರು ಹೋದರು, ತಾವು ಆರಿಸಿದವರ ಕೈಗೆ ರಾಜ್ಯ ಬಂತು. ಅದೇ ಶುಕ್ರವಾರ ಗುಂಡ್ಲುಪೇಟೆಯಲ್ಲಿ, ಚಾಮರಾಜನಗರದಲ್ಲಿ ಏನಾಯಿತು? ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ನಿಜ. ಆದರೆ ಸಂಸ್ಥಾನದೊಳಗೆ ಅಧಿಕಾರ ಇನ್ನೂ ಅರಮನೆಯದೇ, ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರದೇ.

ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆ ಬಂದದ್ದು 1881ರಷ್ಟು ಹಿಂದೆ. ದಿವಾನ್ ರಂಗಾಚಾರ್ಲು ಶುರುಮಾಡಿದ ಆ ಸಭೆ ದಸರೆಯ ಹೊತ್ತಿಗೆ ಸೇರುತ್ತಿತ್ತು. ತಾಲ್ಲೂಕುಗಳಿಂದ ಹೋದವರು ಊರಿನ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ದೇಶೀ ಸಂಸ್ಥಾನಗಳಲ್ಲಿ ಇದು ದೊಡ್ಡ ಹೆಜ್ಜೆ, ಆ ಹೆಮ್ಮೆ ನಮಗೆ ಸಲ್ಲಬೇಕಾದದ್ದೇ. ಆದರೆ ಹೇಳಿಕೊಳ್ಳುವ ಹಕ್ಕಿತ್ತು, ಸರ್ಕಾರ ಮಾಡುವ ಹಕ್ಕಿರಲಿಲ್ಲ. ಹಾಗಾಗಿ ದೇಶದಲ್ಲಿ ಧ್ವಜ ಹಾರಿದ ಮೇಲೆ ಮೈಸೂರಿನ ಜನ ಮತ್ತೆ ಬೀದಿಗಿಳಿದರು. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಇವತ್ತಿಗೂ ಕೆಲಸಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಮೈಸೂರಿಗೆ ಹೋಗುವವರೇ. ಅಲ್ಲಿನ ರಾಮಸ್ವಾಮಿ ವೃತ್ತ ಅವರಿಗೆ ಚಿರಪರಿಚಿತ. ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ಹುಡುಗನೇ ಆ ರಾಮಸ್ವಾಮಿ. ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು, ಹುಡುಗ ಸತ್ತದ್ದು ನಮ್ಮದೇ ಸಂಸ್ಥಾನದ ಗುಂಡಿಗೆ. ಅಕ್ಟೋಬರ್ 12ರಂದು ಒಪ್ಪಂದವಾಗಿ, 25ರಂದು ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಕೊಳ್ಳೇಗಾಲಕ್ಕೂ ಗುಂಡ್ಲುಪೇಟೆಗೂ ನಡುವೆ ಸ್ವಾತಂತ್ರ್ಯ ಸುಮಾರು ಎಪ್ಪತ್ತು ದಿನ ತಡವಾಯಿತು ಎಂದರೆ ತಪ್ಪಾಗದು. ಜಿಲ್ಲೆಯ ಮಕ್ಕಳಿಗೆ ನಾವು ಹೇಳಿಕೊಡುವ ಸ್ವಾತಂತ್ರ್ಯದ ಕಥೆಯಲ್ಲಿ ಈ ಎಪ್ಪತ್ತು ದಿನ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದು ನನಗೆ ನೋವಿನ ಸಂಗತಿ.

ಎರಡನೆಯ ತಾರೀಖು ನವೆಂಬರ್ 1. ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗದ ವರದಿ, ಸಂಸತ್ತಿನ ಕಾಯ್ದೆ ಎಲ್ಲ ಮುಗಿದು 1956ರ ನವೆಂಬರ್ 1ರಂದು ಭಾಷಾವಾರು ಮೈಸೂರು ರಾಜ್ಯ ಹುಟ್ಟಿತು. ಬೆಳಗಾವಿ, ಧಾರವಾಡ, ಕಲಬುರಗಿ, ಮಂಗಳೂರುಗಳ ದೊಡ್ಡ ಹೆಸರುಗಳ ನಡುವೆ ಕಾಯ್ದೆಯಲ್ಲಿ ಒಂದು ಸಣ್ಣ ತಾಲ್ಲೂಕಿನ ಹೆಸರೂ ಇದೆ: ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ. ರೇಷ್ಮೆಯ ಊರು, ಮಾದಪ್ಪನ ಬೆಟ್ಟದ ಸೀಮೆ ಒಂದೇ ದಿನದಲ್ಲಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಬಂತು. ಗಡಿ ಎಳೆದವರು ತಾಲ್ಲೂಕನ್ನು ಇಡಿಯಾಗಿ ತೆಗೆದುಕೊಂಡರು. ಆದರೆ ಅದರ ನೆರೆಯಲ್ಲೇ ಇದ್ದ, ಕನ್ನಡ ಮನೆಮಾತಾಗಿದ್ದ ತಾಳವಾಡಿ ಸೀಮೆ ಆಚೆಯೇ ಉಳಿಯಿತು. ಚಾಮರಾಜನಗರದಿಂದ ಅದು ಒಂದು ಗಂಟೆಯ ದಾರಿ. ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ.

ಈ ಗೆರೆ ಏನು ಮಾಡಿತು ಎಂಬುದನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ನೋಡಬಹುದು. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಸಿಂಗಾನಲ್ಲೂರು ಇರುವುದು ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಅವರ ಮನೆಯಿದ್ದ ಗಾಜನೂರು ಇರುವುದು ತಾಳವಾಡಿ ಕಡೆ. ಆ ಮಗು ಹುಟ್ಟಿದಾಗ ಎರಡೂ ಊರು ಮದ್ರಾಸ್ ಪ್ರಾಂತ್ಯದವೇ. ‘ಬೇಡರ ಕಣ್ಣಪ್ಪ’ ತೆರೆಕಂಡ 1954ರಲ್ಲೂ ಹಾಗೆಯೇ ಇತ್ತು. ಎರಡು ವರ್ಷ ಕಳೆದು ನವೆಂಬರ್ 1 ಬಂದಾಗ ಸಿಂಗಾನಲ್ಲೂರು ಈಚೆ ಬಂತು, ಗಾಜನೂರು ಆಚೆ ಉಳಿಯಿತು. ಕನ್ನಡದ ವರನಟನ ಅಪ್ಪನ ಹೆಸರಿನೊಳಗಿನ ಊರು ಒಂದು ರಾಜ್ಯ, ಅವರ ಜಮೀನು ಮನೆ ಇನ್ನೊಂದು ರಾಜ್ಯ. ಅದೇ ದಿನ ಅದೇ ತಾಲ್ಲೂಕಿನ ಜತೆ ಮೈಸೂರಿಗೆ ಬಂದ ಇನ್ನೊಂದು ಊರು ಗೋಪಿನಾಥಂ. ಅಲ್ಲಿ 1952ರಲ್ಲಿ ಹುಟ್ಟಿದ, ಮುಂದೆ ಕಾಡುಗಳ್ಳನಾದ ವೀರಪ್ಪನ್‌ಗೆ ಆಗ ನಾಲ್ಕು ವರ್ಷ.

ಗುಂಡ್ಲುಪೇಟೆಗೆ ಆ ದಿನ ಮತ್ತೊಂದು ಬಗೆಯಲ್ಲಿ ಬಂತು. ಅಲ್ಲಿಯವರು ರಾಜ್ಯ ಬದಲಾಯಿಸಲಿಲ್ಲ, ಅವರ ನೆರೆಹೊರೆ ಬದಲಾಯಿತು. ಅಲ್ಲಿಯವರೆಗೆ ಬಂಡೀಪುರದ ಕಾಡು ದಾಟಿದರೆ ಎಡಕ್ಕೆ ನೀಲಗಿರಿ, ಬಲಕ್ಕೆ ವಯನಾಡು, ಎರಡೂ ಮದ್ರಾಸೇ. ವಯನಾಡು ಮಲಬಾರ್ ಜಿಲ್ಲೆಯೊಳಗಿತ್ತು. 1956ರ ನವೆಂಬರ್ 1ರಂದೇ ಕೇರಳ ರಾಜ್ಯವೂ ಹುಟ್ಟಿ, ಮಲಬಾರ್ ಅದಕ್ಕೆ ಸೇರಿತು. ಒಂದೇ ಬೆಳಗಿಗೆ ಗುಂಡ್ಲುಪೇಟೆ ಎರಡು ರಾಜ್ಯಗಳಿಗೆ ಗಡಿಯಾಯಿತು. ಇಪ್ಪತ್ತನಾಲ್ಕು ವರ್ಷದ ಮೇಲೆ, 1980ರಲ್ಲಿ, ವಯನಾಡು ಪ್ರತ್ಯೇಕ ಜಿಲ್ಲೆಯಾದದ್ದೂ ನವೆಂಬರ್ 1ರಂದೇ. ಗುಂಡ್ಲುಪೇಟೆಯಲ್ಲಿ ರಾಜ್ಯೋತ್ಸವದ ಬಾವುಟ ಏರುವ ಹೊತ್ತಿಗೆ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಕೇರಳದ ಹುಟ್ಟುಹಬ್ಬ ‘ಕೇರಳಪ್ಪಿರವಿ’. ತಮಿಳುನಾಡು ಕೂಡ 2019ರಲ್ಲಿ ನವೆಂಬರ್ 1ನ್ನು ತನ್ನ ನಾಡ ಹಬ್ಬವೆಂದು ಆಚರಿಸತೊಡಗಿತ್ತು. 2021ರಲ್ಲಿ ಬಂದ ಸರ್ಕಾರ ಅದನ್ನು ಜುಲೈ 18ಕ್ಕೆ ಬದಲಿಸಿತು. ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಡಲು 1967ರಲ್ಲಿ ಅಲ್ಲಿನ ವಿಧಾನಸಭೆ ನಿರ್ಣಯ ಮಾಡಿದ ದಿನ ಅದು. ಅವರು ನವೆಂಬರ್ 1ರಂದು ಕಳೆದುಕೊಂಡದ್ದನ್ನು ನೆನೆದರೆ ಆ ಬದಲಾವಣೆ ಅರ್ಥವಾಗುತ್ತದೆ. ಕೊಳ್ಳೇಗಾಲ ನಮಗೆ ಬಂದ ದಿನವೆಂದರೆ ಅವರಿಗೆ ಅದು ಹೋದ ದಿನ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮುನ್ನ, 1972ರಲ್ಲಿ, ವಿಧಾನಸಭೆ ಹೆಸರು ಬದಲಿಸುವ ನಿರ್ಣಯವನ್ನು ಅಂಗೀಕರಿಸಿದಾಗ ಸ್ಪೀಕರ್ ಪೀಠದಲ್ಲಿ ಇದ್ದವರು ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮ. ರಾಜ್ಯದ ಮೊದಲ ಮಹಿಳಾ ಸ್ಪೀಕರ್, ಅದೇ ಕ್ಷೇತ್ರದಿಂದ ಏಳು ಸಲ ಗೆದ್ದವರು. ಏಕೀಕರಣದ ಮಾತು ಬಂದಾಗ ನಾವು ಧಾರವಾಡವನ್ನು, ಹಂಪಿಯನ್ನು ನೆನೆಯುತ್ತೇವೆ. ಆ ಪಟ್ಟಿಯಲ್ಲಿ ಗುಂಡ್ಲುಪೇಟೆಗೂ ಒಂದು ಜಾಗವಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಗೆರೆ ಎಳೆದರೂ ಜನ ಓಡಾಡುವುದನ್ನು ಬಿಡಲಿಲ್ಲ. ದೀಪಾವಳಿಯ ಬಲಿಪಾಡ್ಯಮಿ ಕಳೆದ ಮಾರನೆ ದಿನ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಗೊರೆ ಹಬ್ಬ. ಊರ ಸಗಣಿಯನ್ನೆಲ್ಲ ತಂದು ರಾಶಿ ಹಾಕಿ ಗಂಡಸರು ಹುಡುಗರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ಈ ಹಬ್ಬಕ್ಕೆ ಚಾಮರಾಜನಗರದ ಕಡೆಯಿಂದ ಜನ ಹಿಂಡುಗಟ್ಟಿ ಹೋಗುತ್ತಾರೆ. ಪುಣಜನೂರು ದಾಟಿ ಸತ್ಯಮಂಗಲದ ರಸ್ತೆ ಹಿಡಿದರೆ ಕಬ್ಬಿನ ಲಾರಿಗಳು ಸಿಗುತ್ತವೆ. ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಆನೆ ರಸ್ತೆಗೇ ಬಂದು ನಿಲ್ಲುತ್ತದೆ, ಮರಿ ಹೊಟ್ಟೆಯಡಿ. ಲಾರಿ ನಿಧಾನವಾಗುತ್ತಲೇ ಸೊಂಡಿಲು ಮೇಲೆದ್ದು ಒಂದೆರಡು ಜಲ್ಲೆ ಎಳೆದುಕೊಳ್ಳುತ್ತದೆ. ಹಿಂದೆ ನಿಂತ ಬಸ್ಸು ಕಾರುಗಳವರು ಹಾರ್ನ್ ಕೂಡ ಮಾಡದೆ ಕಾಯುತ್ತಾರೆ. ಅತ್ತ ತೆರಕಣಾಂಬಿ ಮಂಡಿಯ ತರಕಾರಿ ಕೇರಳಕ್ಕೆ ಹೋಗುತ್ತದೆ. ಓಣಂ ಹತ್ತಿರವಾದಂತೆ ಲಾರಿಗಳ ಸಾಲು ಉದ್ದವಾಗುತ್ತದೆ.

ಆದರೆ ಅದೇ ಗಡಿ ಕಾಡಿನೊಳಗೆ ಮಾಡಿದ ಕೇಡು ಬಹಳ ದೊಡ್ಡದು. ಪಾಲಾರ್ ಹೊಳೆಯ ಈಚೆ ಕರ್ನಾಟಕದ ಪೊಲೀಸು, ಆಚೆ ತಮಿಳುನಾಡಿನ ಪೊಲೀಸು, ಕಾಡು ಮಾತ್ರ ಒಂದೇ. ಎರಡೂ ಕಡೆಯ ಹಳ್ಳಿಗಳ ದಾರಿ ಬಲ್ಲ ವೀರಪ್ಪನ್ ಅಟ್ಟಿದಾಗಲೆಲ್ಲ ಗಡಿ ದಾಟಿದ. ಗೋಪಿನಾಥಂನಲ್ಲಿ ಮನೆ ಕಟ್ಟಿಸಿಕೊಟ್ಟು, ಗುಡಿ ಎತ್ತಿಸಿ, ಊರಿನವರ ಮನಸ್ಸು ಗೆಲ್ಲಲು ಹೊರಟಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಶರಣಾಗುವೆನೆಂದು ನಂಬಿಸಿ ಕೊಂದ. ಮುಂದಿನ ವರ್ಷ ಆಗಸ್ಟ್ 14, ಸ್ವಾತಂತ್ರ್ಯ ದಿನದ ಹಿಂದಿನ ದಿನ. ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜತೆಗಿದ್ದ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಜನ. ನಡುವೆ ಸಿಕ್ಕಿಕೊಂಡವರು ಗುಡ್ಡದ ಹಳ್ಳಿಗಳ ಬಡವರು. ಎರಡೂ ರಾಜ್ಯಗಳ ಕಾರ್ಯಪಡೆಗಳ ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಹುತಾತ್ಮರಾದ ಅಧಿಕಾರಿಗಳನ್ನು ನೆನೆಯುವಾಗ ಈ 89 ಜನರನ್ನೂ ನೆನೆಯಬೇಕು.

2000ದ ಜುಲೈ 30, ಭಾನುವಾರ ರಾತ್ರಿ, ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅಪಹರಣವಾಯಿತು. ಆಮೇಲೆ ಬಂದ ನಮ್ಮ ಎರಡು ತಾರೀಖುಗಳನ್ನು ಗಮನಿಸಿ. ಆಗಸ್ಟ್ 15ರಂದು ಅವರು ಕಾಡಿನಲ್ಲಿದ್ದರು. ನವೆಂಬರ್ 1ರಂದೂ ಕಾಡಿನಲ್ಲೇ ಇದ್ದರು. ಗೋಕಾಕ್ ಚಳವಳಿಗೆ ಮುಖವಾಗಿದ್ದ ಮನುಷ್ಯ ಇಲ್ಲದೆ ಆ ವರ್ಷದ ರಾಜ್ಯೋತ್ಸವ ನಡೆಯಿತು. ಕನ್ನಡಿಗರು ಬಾವುಟವನ್ನೇನೋ ಏರಿಸಿದರು, ಸಂಭ್ರಮಿಸುವ ಮನಸ್ಸು ಯಾರಿಗೂ ಇರಲಿಲ್ಲ. ವೀರಪ್ಪನ್ ಬೇಡಿಕೆಗಳಲ್ಲಿ ಒಂದು, ಮೈಸೂರಿನ ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆ. ಸರ್ಕಾರ ಮೊಕದ್ದಮೆ ಹಿಂದಕ್ಕೆ ಪಡೆಯಲು ಒಪ್ಪಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ. ಎಂಟು ವರ್ಷದ ಹಿಂದಿನ ಆಗಸ್ಟ್ 14ರಂದು ಮೀಣ್ಯಂನಲ್ಲಿ ಸತ್ತ ಶಕೀಲ್ ಅಹ್ಮದ್ ಅವರ ತಂದೆ. ಇಡೀ ನಾಡು ಅಣ್ಣಾವ್ರು ಬರಲಿ ಎಂದು ಹರಕೆ ಹೊತ್ತಿದ್ದಾಗ ಕೋರ್ಟಿಗೆ ಹೋಗಿ ನಿಲ್ಲಲು ಆ ತಂದೆಗೆ ಎಂಥ ಎದೆ ಬೇಕಾಗಿತ್ತು ಎಂದು ಈಗಲೂ ಯೋಚಿಸುತ್ತೇನೆ. ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಎಂಟು ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು.

ಅಪಹರಣದ ತಾರೀಖು ಜುಲೈ 30 ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರ ನಾಲಿಗೆಯ ಮೇಲಿಲ್ಲ. ಆದರೆ ಅಂದು ಭೀಮನ ಅಮಾವಾಸ್ಯೆ ಎಂಬುದು ಹಲವರಿಗೆ ನೆನಪಿದೆ. ಹಳ್ಳಿಯ ನೆನಪು ನಡೆಯುವುದೇ ಹಾಗೆ: ದೊಡ್ಡ ತೇರಿನ ಮಾರನೆ ದಿನ, ಮಾದಪ್ಪನ ಜಾತ್ರೆಗೆ ಹೋಗಿಬಂದ ವಾರ, ಶಿವರಾತ್ರಿ ಕಳೆದ ಮೇಲಿನ ಸೋಮವಾರ. ಚಾಮರಾಜನಗರದ ತೇರಂತೂ ಆಷಾಢದಲ್ಲಿ ನಡೆಯುತ್ತದೆ. ಬೇರೆ ಊರುಗಳಲ್ಲಿ ಹೊಸ ಮದುವೆಯವರನ್ನು ದೂರ ಇಡುವ ತಿಂಗಳಲ್ಲಿ ಇಲ್ಲಿ ಹೊಸ ಜೋಡಿಗಳು ಒಟ್ಟಿಗೆ ಬಂದು ಚಾಮರಾಜೇಶ್ವರನ ರಥಕ್ಕೆ ಹಣ್ಣು ಜವನ ಎಸೆಯುತ್ತವೆ. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ತೇರು ನಿಂತುಹೋಯಿತು. ಹೊಸ ರಥ ಬಂದು 2022ರಲ್ಲಿ ಮತ್ತೆ ಎಳೆಯುವವರೆಗೆ ಮದುವೆಯಾದ ಜೋಡಿಗಳು ಆ ಭಾಗ್ಯ ತಪ್ಪಿದ್ದನ್ನು ಇನ್ನೂ ಹೇಳಿಕೊಳ್ಳುತ್ತಾರೆ. ತಿಥಿಯ ನೆನಪು ವರ್ಷವರ್ಷ ತಾರೀಖು ಬದಲಾಯಿಸುತ್ತದೆ. ಆದ್ದರಿಂದ ಕ್ಯಾಲೆಂಡರಿನ ಹಾಳೆ ನೋಡಿ ಊರಿನ ಚರಿತ್ರೆ ಬರೆಯಲು ಹೊರಟವರ ಕೈಗೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಮೈಸೂರು ಜಿಲ್ಲೆಯನ್ನು ಒಡೆದು ಚಾಮರಾಜನಗರ ಜಿಲ್ಲೆ ಮಾಡಿದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರ ಕಾಲದಲ್ಲಿ. ಸ್ವಾತಂತ್ರ್ಯದ ಐವತ್ತು ತುಂಬಿದ ದಿನ. ಇದು ಬೇಕೆಂದೇ ಆರಿಸಿದ ತಾರೀಖು. 1947ರಂತೆ ಅಂದೂ ಶುಕ್ರವಾರ. ಮೀಣ್ಯಂ ದುರಂತದ ಆಗಸ್ಟ್ 14 ಕೂಡ ಶುಕ್ರವಾರವೇ. ಈ ಮೂರು ಶುಕ್ರವಾರಗಳಲ್ಲಿ ಅರ್ಥ ಹುಡುಕಿದರೆ ಸಿಗುವುದಿಲ್ಲ, ಅದು ಬರೀ ಕಾಕತಾಳೀಯ. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದ ಏಪ್ರಿಲ್ 24ರಂದೇ 2025ರಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ರಾಜ್ಯದ ಸಚಿವ ಸಂಪುಟ ಸಭೆ ನಡೆದದ್ದೂ ಅಷ್ಟೇ. ಇಂಥ ಕೂಡಿಕೆಗಳನ್ನು ಕಾರಣವೆಂದು ನಂಬಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಚೆನ್ನಾಗಿ ಅನುಭವಿಸಿದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಹಬ್ಬಿ, ಎಷ್ಟೋ ವರ್ಷ ದೊಡ್ಡವರು ಜಿಲ್ಲಾ ಕೇಂದ್ರಕ್ಕೆ ಕಾಲಿಡಲು ಹಿಂಜರಿದರು. ಅದರ ನಷ್ಟ ಆದದ್ದು ಇಲ್ಲಿನ ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ. ಸಿದ್ದರಾಮಯ್ಯನವರು 2013ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಹಲವು ಸಲ ಬಂದು ಹೋಗಿ, ಐದು ವರ್ಷ ಪೂರೈಸಿದರು. ಆ ಮಾತು ಅಲ್ಲಿಗೆ ಸತ್ತುಹೋಗಬೇಕು.

ಜಿಲ್ಲೆಯ ಹುಟ್ಟುಹಬ್ಬ ಮಾತ್ರ ಸ್ವಾತಂತ್ರ್ಯೋತ್ಸವದ ಜತೆ ಬರುವುದರಿಂದ ಅದರ ಮರೆಯಲ್ಲೇ ಉಳಿದಿದೆ. ಒಂದು ಕಾಲಕ್ಕೆ ಎರಡು ರಾಜ್ಯವಾಗಿದ್ದ ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳನ್ನು ಒಂದು ಜಿಲ್ಲಾಧಿಕಾರಿ ಕಚೇರಿಗೆ ತಂದ ದಿನ ಅದು. ಹನೂರು ಬೇರೆ ತಾಲ್ಲೂಕಾದದ್ದು ಈಚೆಗೆ. ನನಗೆ ತೋಚುವ ಕೆಲಸವೊಂದಿದೆ, ಅದಕ್ಕೆ ಹೆಚ್ಚು ಹೊತ್ತಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲದಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಬೇಡರಪುರದಲ್ಲಿ ಜಿಲ್ಲೆಗೆಂದೇ ವಿಶ್ವವಿದ್ಯಾಲಯ ಬಂದಿದೆ. ಅದರ ವಿದ್ಯಾರ್ಥಿಗಳು ಆ ಹಿರಿಯರ ಮನೆ ಬಾಗಿಲಿಗೆ ಹೋಗಿ ಕೂತು ಕೇಳಲಿ. ಶಾಲೆಯಲ್ಲಿ ಪುಸ್ತಕ ಬದಲಾಯಿತೇ? ಕಂದಾಯ ಕಟ್ಟಲು ಯಾವ ಊರಿಗೆ ಹೋಗುತ್ತಿದ್ದಿರಿ, ಆಮೇಲೆ ಎಲ್ಲಿಗೆ? ತಾಳವಾಡಿಗೆ ಕೊಟ್ಟ ಅಕ್ಕತಂಗಿಯರು ತವರಿಗೆ ಬರುವ ದಾರಿಯಲ್ಲಿ ಚೆಕ್‌ಪೋಸ್ಟು ಯಾವಾಗ ಬಂತು? ಗುಂಡ್ಲುಪೇಟೆಯವರನ್ನು 1947ರ ಆ ಎಪ್ಪತ್ತು ದಿನದ ಬಗ್ಗೆ ಕೇಳಲಿ, ಸ್ವತಃ ಕಂಡವರು ಸಿಗದಿದ್ದರೆ ಅಪ್ಪ ಅಮ್ಮನಿಂದ ಕೇಳಿದವರು ಸಿಗುತ್ತಾರೆ. ಗಾಜನೂರು, ಗುಮಟಾಪುರಗಳನ್ನು ಆಚೆ ರಾಜ್ಯದವೆಂದು ಬಿಡದೆ ಅಲ್ಲಿಗೂ ಹೋಗಿ ಬರಲಿ.